ಹದಿನೇಳು ಲೂಪಿನ್ ಗಿಡಗಳು

ಫೆಬ್ರವರಿ 9, ಬೆಳಿಗ್ಗೆ 5.10

ಸೂಪು ಸೋಸಿಟ್ಟೆ. ಸ್ಟ್ರಾ ತೊಳೆದಿಟ್ಟೆ. ಚಾಕು ಮಸೆದಾಯಿತು. ಶಿಫ್ಟ್‌ಗೆ ಇನ್ನೂ ಐವತ್ತು ನಿಮಿಷ.

ತಂಗಿ ಮಲಗಿದ್ದಾಳೆ. ಬಾಯಿಗೆ ತಂತಿ ಬಿಗಿದು ಇವತ್ತಿಗೆ ಐದು ದಿನ. ದವಡೆ ಎರಡು ಕಡೆ ಮುರಿದಿದೆ. ಒಟ್ಟು ಆರು ವಾರ, ಏನಿದ್ದರೂ ಹಲ್ಲುಸಂದಿಯಿಂದಲೇ ಒಳಗೆ ಹೋಗಬೇಕು. ತಂತಿ ಕತ್ತರಿಸುವ ಇಕ್ಕಳವನ್ನು ಅವಳ ಮಂಚದ ಕಾಲಿಗೆ ಕಟ್ಟಿದ್ದೇನೆ. ವಾಂತಿ ಬಂದರೆ ತಕ್ಷಣ ಕತ್ತರಿಸಬೇಕಂತೆ, ಇಲ್ಲದಿದ್ದರೆ ಉಸಿರು ಕಟ್ಟುತ್ತದಂತೆ. ನರ್ಸ್ ಹೇಳಿಕೊಡಲು ಬಂದಳು. ಬೇಡಮ್ಮ, ಕತ್ತರಿಸುವುದೇ ನನ್ನ ಕಸುಬು ಎಂದೆ.

ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ತಂಗಿ ಚೀಟಿಯಲ್ಲಿ ಬರೆದು ಕೊಟ್ಟಳು — ಮೆಟ್ಟಿಲಿಂದ ಬಿದ್ದೆ. ಮೆಟ್ಟಿಲಿಗೆ ಮುಷ್ಟಿ ಇರುತ್ತದೆಯೇ? ಮೆಟ್ಟಿಲು ಜಡೆ ಹಿಡಿದು ಎಳೆಯುತ್ತದೆಯೇ? ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವನು ಪಕ್ಕದಲ್ಲೇ ನಿಂತಿದ್ದ. ಕಣ್ಣಲ್ಲಿ ನೀರು ಬೇರೆ. ಇಂಥ ಗಂಡ ಸಿಗಬೇಕು ನೋಡಿ ಎಂದಳು ಆ ನರ್ಸ್.

ಅವನಿಗೆ ನಾನಿಟ್ಟ ಹೆಸರು ಸಕ್ಕರೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕ್ಲಚ್ಚು ಯಾವುದು, ಬ್ರೇಕು ಯಾವುದು ಗೊತ್ತಿಲ್ಲದವರಿಗೆ ದಿನಕ್ಕೆ ಎಂಟು ಗಂಟೆ ನಗುನಗುತ್ತಾ ಹೇಳಿಕೊಡುತ್ತಾನೆ. ಇರುವ ತಾಳ್ಮೆಯೆಲ್ಲ ಅಲ್ಲೇ ಖಾಲಿ. ಮನೆಗೆ ತರುವುದು ಕೈ ಮಾತ್ರ.

ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸಲು ನಿಂತು ನನಗೆ ಇಪ್ಪತ್ತಾರು ವರ್ಷ. ದವಡೆಯ ಕೀಲು ಎಲ್ಲಿದೆ, ಚಾಕು ಯಾವ ಕಡೆಯಿಂದ ಹೋದರೆ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ನಿನ್ನೆ ಲೈನಿನಲ್ಲಿ ಬಂದ ಪ್ರತಿ ತಲೆಗೂ ಅವನ ಮುಖ ಇಟ್ಟೆ. "ಏನಕ್ಕ, ಇವತ್ತು ಇಷ್ಟು ಸ್ಪೀಡು?" ಎಂದ ಮೇಸ್ತ್ರಿ.

ಇನ್ನು ಅವಳನ್ನು ಅವನ ಮನೆಗೆ ಕಳಿಸುವುದಿಲ್ಲ. ಇಷ್ಟೇ. ಅವಳು ಒಪ್ಪಲಿ ಬಿಡಲಿ.

ಫೆಬ್ರವರಿ 15

ಕಾರ್ಖಾನೆಯಲ್ಲಿ ನನ್ನ ಪಕ್ಕದ ಟೇಬಲಿನ ಅಜ್ಜ ಮಾತ್ರೆ ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಬೀಜ ತಂದು ಕೊಟ್ಟ. ಎಡಗೈಯ ಎರಡು ಬೆರಳಿನ ತುದಿಯನ್ನು ಗರಗಸದ ಮಿಷನ್ನಿಗೆ ಕೊಟ್ಟ ಮುದುಕ. ರಜೆಯೆಲ್ಲ ತೋಟದಲ್ಲೇ ಕಳೆಯುತ್ತಾನೆ. ಲೂಪಿನ್ ಅಂತೆ. ಮೊಳಕಾಲುದ್ದದ ಹೂಗೊನೆ, ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದಂತೆ.

"ತಂಗಿಗೆ ಕೊಡು. ಕೈಗೆ ಕೆಲಸ ಇದ್ರೆ ತಲೆ ಸುಮ್ನಿರುತ್ತೆ."

"ನನಗ್ಯಾಕೆ ಕೊಡಲ್ಲ?"

"ನಿನ್ನ ಕೈಗೆ ಕೆಲಸ ಕಮ್ಮಿ ಮಾಡ್ಬೇಕಮ್ಮ, ಜಾಸ್ತಿ ಅಲ್ಲ."

ಬೀಜ ಕಲ್ಲಿನಷ್ಟು ಗಟ್ಟಿ. ಸಿಪ್ಪೆಗೆ ಗಾಯ ಮಾಡದೆ ನೀರು ಒಳಗೆ ಇಳಿಯುವುದಿಲ್ಲ. ಗಾಯ ತಾನೇ, ಅದೆಷ್ಟು ಹೊತ್ತು ಎಂದು ಚಾಕು ತೆಗೆದೆ. ಎರಡು ಬೀಜ ಎರಡೆರಡು ತುಂಡಾಗಿ ಗೋಡೆಗೆ ಸಿಡಿದವು. ತಂಗಿ ಹಾಸಿಗೆಯಿಂದ ಎದ್ದು ಬಂದು ಡಬ್ಬಿ ಕಿತ್ತುಕೊಂಡಳು. ಉಗುರು ಉಜ್ಜುವ ಅರ ಹಿಡಿದು ಕುಳಿತಳು. ಇಪ್ಪತ್ತೆರಡು ಬೀಜ, ಒಂದೊಂದನ್ನೇ, ಬೆಳ್ಳಗೆ ಒಂದು ಚುಕ್ಕೆ ಕಾಣುವ ತನಕ. ಬಟ್ಟೆ ಆಲ್ಟರೇಶನ್ ಅಂಗಡಿಯಲ್ಲಿ ಕೆಲಸ ಮಾಡಿದ ಬೆರಳು ಅಲ್ಲವೇ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ತಾನಾಗಿ ಮಾಡಿದ ಮೊದಲ ಕೆಲಸ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತೆ.

ಫೆಬ್ರವರಿ 16

ರಾತ್ರಿಯೆಲ್ಲ ನೆನೆದು ಬೀಜ ಎರಡರಷ್ಟಾಗಿವೆ. ಉದ್ದನೆಯ ಕಾಗದದ ಕೊಳವೆ ಮಾಡಿ ಮಣ್ಣು ತುಂಬಿದೆವು. ಕುಂಡ ಬೇಡ ಎಂದಿದ್ದಾನೆ ಅಜ್ಜ. ಲೂಪಿನ್ನಿಗೆ ಒಂದೇ ತಾಯಿಬೇರು, ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಅದು ತುಂಡಾದರೆ ಗಿಡ ಹೋಯಿತು. ಕೊಳವೆ ಸಮೇತ ನೆಲಕ್ಕೆ ಇಡಬೇಕು. ಗೊಬ್ಬರವೂ ಹಾಕಬಾರದಂತೆ, ಬಡ ಮಣ್ಣೇ ಚೆನ್ನ. ಬೀಜ ವಿಷ, ಬಾಯಿಗೆ ಹಾಕಿಕೊಳ್ಳಬೇಡಿ ಎಂದೂ ಹೇಳಿದ. ಅವಳ ಬಾಯಿಗೆ ಬೀಗ ಇದೆಯಲ್ಲ ಅಜ್ಜ ಎಂದೆ. ಯಾರೂ ನಗಲಿಲ್ಲ. ನಾನೂ.

ಮಾರ್ಚ್ 1

ಹದಿನೇಳು ಮೊಳೆತಿವೆ. ಐದು ಕೊಳೆತವು. ತಂಗಿ ಕಿಟಕಿಯ ಬಳಿ ಸಾಲಾಗಿ ಇಟ್ಟು ಬೆಳಕಿನ ಕಡೆ ತಿರುಗಿಸುತ್ತಾಳೆ.

ಸಕ್ಕರೆ ಫೋನ್ ಮಾಡಿದ್ದ. ಎತ್ತಿದ್ದು ನಾನು.

"ಅತ್ತಿಗೆ, ಹೇಗಿದ್ದೀರಿ? ನಿಮ್ಗೆ ತುಂಬಾ ತೊಂದ್ರೆ ಆಗ್ತಿದೆ ಅಲ್ವಾ? ಅವಳಿಗೆ ಕೊಡಿ, ಒಂದೇ ನಿಮಿಷ."

"ಅವಳಿಗೆ ಮಾತಾಡೋಕೆ ಬಾಯಿ ಉಳಿಸಿದ್ದೀಯಾ ನೀನು?"

"ನಂಗೂ ನಿದ್ದೆ ಇಲ್ಲ ಅತ್ತಿಗೆ..."

ಒಂದೇ ಒಂದು ಸಲ ಕೈಗೆ ಸಿಗು, ಚಳಿ ಬಿಡಿಸುತ್ತೇನೆ ಎಂದೆ. ಅವನು ಥ್ಯಾಂಕ್ಸ್ ಹೇಳಿ ಇಟ್ಟ. ಆ ಥ್ಯಾಂಕ್ಸ್‌ಗೆ ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 19

ತಂತಿ ತೆಗೆದರು. ಬಾಯಿ ಎರಡು ಬೆರಳಗಲ ತೆರೆಯುತ್ತದೆ. ಅನ್ನ ಮೆತ್ತಗೆ ಮಾಡಿ ಬಟ್ಟಲಿಗೆ ಹಾಕಿ ಮುಂದೆ ಕುಳಿತೆ. ಆರು ವಾರದ ನಂತರ ಅವಳ ದನಿ ಕೇಳಬೇಕು ಎಂದು ಅರ್ಧ ದಿನ ರಜೆ ಹಾಕಿದ್ದೆ.

ಮೊದಲ ಮಾತು: "ಅವರು ಫೋನ್ ಮಾಡಿದ್ರಾ?"

ಬಟ್ಟಲು ಗೋಡೆಗೆ ಎಸೆದೆ. ಅವಳು ತಕ್ಷಣ ಎರಡೂ ಕೈ ತಲೆಗೆ ಅಡ್ಡ ಹಿಡಿದಳು. ನಿನಗಲ್ಲ ಕಣೇ, ಗೋಡೆಗೆ ಎಸೆದದ್ದು ಎಂದೆ. ಕೈ ಇಳಿಸಲು ಬಹಳ ಹೊತ್ತು ಹಿಡಿಯಿತು.

ಏಪ್ರಿಲ್ 20, ಭಾನುವಾರ

ಹಿತ್ತಿಲಲ್ಲಿ ನೆಟ್ಟೆವು. ಅಜ್ಜ ಬಂದು ತೋರಿಸಿಕೊಟ್ಟ. ಗಿಡ ಇನ್ನೂ ಗೇಣುದ್ದ ಇಲ್ಲ, ಬೇರು ಆಗಲೇ ಕೊಳವೆಯ ತಳ ದಾಟಿದೆ. ಗುಂಡಿ ತೋಡಿದ್ದು ನಾನು, ಇಳಿಸಿದ್ದು ತಂಗಿ.

"ಒಂದ್ಸಲ ಕೂತ್ರೆ ಮುಗೀತು," ಎಂದ ಅಜ್ಜ. "ಆಮೇಲೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಂತ ಎಳೆದಾಡಂಗಿಲ್ಲ."

"ಕೇಳಿಸ್ತಾ?" ಎಂದೆ ತಂಗಿಗೆ. ಅವಳು ಮಣ್ಣು ಒತ್ತುತ್ತಲೇ ಇದ್ದಳು.

ಅಂಗಡಿ ಕೆಲಸಕ್ಕೆ ಮತ್ತೆ ಹೋಗುತ್ತಿದ್ದಾಳೆ. ಬಿಡುವುದೂ ನಾನೇ, ಕರೆತರುವುದೂ ನಾನೇ.

ಏಪ್ರಿಲ್ 25, ಬೆಳಿಗ್ಗೆ 5.00

ಚಿಪ್ಪಿಲ್ಲದ ಬಸವನಹುಳುಗಳು. ರಾತ್ರೋರಾತ್ರಿ ಒಂದು ಗಿಡದ ಎಲೆಯನ್ನೆಲ್ಲ ಬೋಳಿಸಿವೆ. ಸದ್ಯ, ಬುಡ ಬಿಟ್ಟಿವೆ. ಕತ್ತರಿ ತೆಗೆದುಕೊಂಡು ಹೋದೆ. ಒಂದೊಂದನ್ನೂ ನಡುವಿಗೆ ಸರಿಯಾಗಿ, ಕಚ್ ಕಚ್. ಅರವತ್ತಮೂರು. ಕೊನೆಕೊನೆಗೆ ಕೈಗೆ ಒಳ್ಳೆಯ ಲಯ ಬಂದಿತ್ತು. ತಂಗಿ ಹಿಂಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದಳು.

"ನಗ್ತಾ ಇದ್ದೀಯ ಅಕ್ಕ ನೀನು."

"ನಗದೇ ಅಳಬೇಕಾ? ನಿನ್ನ ಗಿಡ ತಿಂತಿದ್ವು."

"ಎತ್ತಿ ಬಕೆಟ್ಟಿಗೆ ಹಾಕಿ ದೂರ ಬಿಡ್ಬಹುದಿತ್ತು."

ದೂರ ಬಿಟ್ಟರೆ ತಿರುಗಿ ಬರುತ್ತವೆ. ಬರದ ಹಾಗೆ ಮಾಡಬೇಕು. ಅಷ್ಟೂ ತಿಳಿಯದಿದ್ದರೆ ಹೇಗೆ.

ಮೇ 8

ಬಂದ. ಸ್ಕೂಲ್ ಕಾರಿನಲ್ಲೇ. ಸ್ಟಿಯರಿಂಗ್ ಹಿಡಿದಿದ್ದವಳು ಕಲಿಯಲು ಬಂದ ಹುಡುಗಿ. ನಮ್ಮ ಗೇಟಿನ ಮುಂದೆ ಪಾರ್ಕಿಂಗ್ ಪಾಠ! "ನಿಧಾನಕ್ಕಮ್ಮ, ಗಾಬರಿ ಬೇಡ, ಕನ್ನಡಿ ನೋಡ್ಕೊಳ್ಳಿ" — ಆ ಜೇನಿನಂಥ ದನಿ ಅಡುಗೆಮನೆವರೆಗೂ ಬಂತು.

ಗುದ್ದಲಿ ಹಿಡಿದು ಹೋದೆ. ಒಂದೇ ಏಟಿಗೆ ಅವನು ನೋಡಿಕೊಳ್ಳಿ ಎನ್ನುತ್ತಿದ್ದ ಕನ್ನಡಿ ರಸ್ತೆಯಲ್ಲಿತ್ತು. ಎರಡನೇ ಏಟು ಅವನ ಕಡೆಯ ಗಾಜಿಗೆ. ಹುಡುಗಿ ಕಿರುಚಿಕೊಂಡು ಆಕ್ಸಿಲರೇಟರ್ ಒತ್ತಿದಳು. ಅವನು ತನ್ನ ಕಡೆಯ ಬ್ರೇಕು ತುಳಿದು ನಿಲ್ಲಿಸಿದ. ಕೆನ್ನೆಯ ಮೇಲೆ ಗಾಜಿನ ಚೂರು, ರಕ್ತ. ಆದರೂ ನಗುತ್ತಿದ್ದ. "ಪರವಾಗಿಲ್ಲ ಅತ್ತಿಗೆ. ಕೋಪ ಸಹಜ."

ಒಳಗೆ ಬಂದಾಗ ತಂಗಿ ಕಿಟಕಿಯ ಬಳಿ ನಡುಗುತ್ತಿದ್ದಳು. ಅವನನ್ನು ಕಂಡು ಎಂದುಕೊಂಡೆ. ಹತ್ತಿರ ಹೋದೆ. ಎರಡು ಹೆಜ್ಜೆ ಹಿಂದೆ ಸರಿದಳು. ಗುದ್ದಲಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಮೇ 9

ಅವಳ ಫೋನ್ ನನ್ನ ಬೀರುವಿನಲ್ಲಿ. ಬೀಗದ ಕೈ ನನ್ನ ಸೊಂಟದಲ್ಲಿ. ಮುಂಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಹಾಕಿಸಿದೆ. ನಾನು ಶಿಫ್ಟ್‌ನಿಂದ ಬರುವವರೆಗೆ ಮಾತ್ರ. ಅಂಗಡಿಗೆ ಹೋಗುವ ದಿನ ಹೇಗೂ ನಾನೇ ಬಿಡುತ್ತೇನೆ. ಎಲ್ಲ ಅವಳ ಒಳ್ಳೆಯದಕ್ಕೆ.

ಮೇ 26

ಮೊಗ್ಗು ಬಂದಿವೆ! ಐದು ಗಿಡಕ್ಕೆ. ಮೊದಲ ವರ್ಷ ಹೂ ಬಿಡುವುದು ಖಾತ್ರಿ ಇಲ್ಲ ಎಂದಿದ್ದ ಅಜ್ಜ. ಮೊಗ್ಗಿನ ಹಿಂದೆಯೇ ಗಿಡದ ಹೇನೂ ಬಂದಿವೆ, ಬೂದು ಬಣ್ಣದವು, ಕಾಂಡ ಕಾಣದಷ್ಟು. ತಂಗಿ ಬೆರಳಿನಿಂದ ಸವರಿ ಸವರಿ ತೆಗೆಯುತ್ತಿದ್ದಳು. ಹಾಗೇ ಹೇಳಿದಳು, ನನ್ನ ಮುಖ ನೋಡದೆ. ಅಂಗಡಿಯ ಫೋನಿನಿಂದ ಅವನ ಜೊತೆ ಮಾತನಾಡಿದ್ದಾಳಂತೆ. ಮೂರು ಸಲ.

ಇವತ್ತು ಇನ್ನು ಬರೆಯುವುದಿಲ್ಲ.

ಜೂನ್ 4

ಒಂಬತ್ತು ದಿನದಿಂದ ಈ ಪುಸ್ತಕ ಮುಟ್ಟಿಲ್ಲ. ಬರೆಯುತ್ತೇನೆ.

ಅವಳು ಹೇಳಿದ್ದು ಇಷ್ಟು: "ಒಂದ್ಸಲ ಹೋಗಿ ಮಾತಾಡಿ ಬರ್ತೀನಿ ಅಕ್ಕ. ಇಲ್ಲೂ ಉಸಿರು ಕಟ್ತಾ ಇದೆ."

ಇಲ್ಲೂ. ಆ ಮಾತಿಗೆ ಹೊಡೆದೆ.

ಕೈ ಬಿಚ್ಚಿಯೇ ಹೊಡೆದದ್ದು, ಮುಷ್ಟಿ ಅಲ್ಲ. ಹಾಗೆಂದು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಎಡ ಕೆನ್ನೆಗೆ, ಹೊಸದಾಗಿ ಕೂಡಿಕೊಂಡ ಮೂಳೆಯ ಮೇಲೆ. ಇಪ್ಪತ್ತಾರು ವರ್ಷ ಚಾಕು ಹಿಡಿದ ಕೈ. ಗಿಡಗಳ ನಡುವೆ ಮೊಣಕಾಲೂರಿ ಬಿದ್ದಳು. ಗಿಡಕ್ಕೆ ತಾಗದ ಹಾಗೆ ಬಿದ್ದಳು — ಬೀಳುವಾಗಲೂ ನೋಡಿಕೊಂಡು. ಕೂಗಲಿಲ್ಲ. ಅಳಲಿಲ್ಲ. ಎರಡೂ ಕೈ ತಲೆಗೆ ಅಡ್ಡ ಹಿಡಿದು ಎರಡನೇ ಏಟಿಗೆ ಕಾದಳು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ. ಮೂಳೆ ಬಿಟ್ಟಿಲ್ಲ, ಬಾವು ಅಷ್ಟೇ. ಅದೇ ಡಾಕ್ಟರ್. ಹೇಗಾಯಿತು ಎಂದು ಕೇಳಿದರು. ಅವಳ ಪಕ್ಕದಲ್ಲಿ ನಾನು ನಿಂತಿದ್ದೆ, ಅವಳ ಕೈಚೀಲ ಹಿಡಿದುಕೊಂಡು.

"ಮೆಟ್ಟಿಲಿಂದ ಬಿದ್ದೆ," ಎಂದಳು.

ಜೂನ್ 13

ಮೊದಲ ಗೊನೆಗೆ ಬಣ್ಣ ಬಂದಿದೆ. ನೇರಳೆ, ತುದಿಗೆ ಇನ್ನೂ ಹಸಿರು. ಇನ್ನೊಂದು ಕೆಂಪಾಗುತ್ತಿದೆ. ಅವಳಿಗೆ ಖುಷಿಯಾಗಿರಬಹುದು. ಕೇಳುವಂತಿಲ್ಲ. ನನ್ನೊಡನೆ ಮಾತಿಲ್ಲ.

ಹೊಸ ಶಾಲು ತಂದೆ. ಮೆತ್ತನೆಯ ಬ್ರೆಡ್ಡು ತಂದೆ. ಫೋನ್ ವಾಪಸ್ ಕೊಟ್ಟೆ, ಹೊರಗಿನ ಚಿಲಕ ಕಿತ್ತುಹಾಕಿದೆ. ನಿನ್ನ ಮೇಲಿನ ಪ್ರೀತಿಗೇ ಅಲ್ವೇನೇ ಹೊಡೆದದ್ದು, ನಂಗೂ ನಿದ್ದೆ ಇಲ್ಲ ಕಣೇ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ನನ್ನ ಕಿವಿಗೇ ಬಿತ್ತು. ಸಕ್ಕರೆ. ಬಚ್ಚಲಿಗೆ ಓಡಿದೆ.

ಲೈನಿನಲ್ಲಿ ಅಜ್ಜನಿಗೆ ಹೇಳಿದೆ, ಹೀಗೀಗೆ ಆಯಿತು ಎಂದು. ಅವನು ಚಾಕು ಕೆಳಗಿಟ್ಟ. ಊಟದ ಹೊತ್ತಿಗೆ ಬೇರೆ ಟೇಬಲಿನಲ್ಲಿ ಕುಳಿತ.

ಜೂನ್ 20, ಎಡಗೈ ಬರಹ

ಬಲಗೈ ಮೊಣಕೈ ಕೆಳಗೆ ಮುರಿದಿದೆ. ಪ್ಲಾಸ್ಟರ್. ಅಕ್ಷರ ಸೊಟ್ಟ. ಆದರೂ ಇದನ್ನು ಬರೆಯಲೇಬೇಕು.

ಮೊನ್ನೆ, ಹದಿನೆಂಟು. ಮಧ್ಯಾಹ್ನ ಮೂರೂಕಾಲಿಗೆ ಮನೆಗೆ ಬಂದೆ. ಗೇಟಿನ ಮುಂದೆ ಆ ಕಾರು, ಡಿಕ್ಕಿ ತೆರೆದಿದೆ. ಡಿಕ್ಕಿಯಲ್ಲಿ ಪೇಪರ್ ಹಾಸಿ ಗಿಡ ಮಲಗಿಸಿದ್ದಾನೆ. ಲೂಪಿನ್. ಹೂ ಸಮೇತ. ಎಣಿಸಿದೆ, ಹನ್ನೊಂದು. ಒಂದೊಂದರ ಬೇರೂ ಗೇಣುದ್ದಕ್ಕೆ ತುಂಡು, ತುಂಡಾದ ಜಾಗ ಬೆಳ್ಳಗೆ, ಒದ್ದೆ.

ಹಿತ್ತಿಲಲ್ಲಿ ಅಂಗಿಯ ತೋಳು ಮಡಚಿಕೊಂಡು ಹನ್ನೆರಡನೆಯದಕ್ಕೆ ಗುದ್ದಲಿ ಇಡುತ್ತಿದ್ದ. ಸಿಳ್ಳೆ ಹಾಕುತ್ತಾ. ತಂಗಿ ಹಿಂಬಾಗಿಲ ಮೆಟ್ಟಿಲಲ್ಲಿ ಕಲ್ಲಾಗಿ ನಿಂತಿದ್ದಳು.

"ಬನ್ನಿ ಅತ್ತಿಗೆ, ಸ್ವಲ್ಪ ಕೈ ಜೋಡಿಸಿ. ಗಿಡ ಬಿಟ್ಟು ಬರಲ್ಲ ಅಂದ್ಳು. ಅದಕ್ಕೇನಂತೆ, ಗಿಡಾನೂ ಕರ್ಕೊಂಡು ಹೋಗೋಣ ಅಂತ ಬಂದೆ."

ತಂಗಿಯ ದನಿ ಕೇಳಿಸುವುದೇ ಕಷ್ಟವಾಗಿತ್ತು. "ಬರಲ್ಲ ಅಂತ ಹೇಳೋಕೆ ಭಯ ಆಯ್ತು ಅಕ್ಕ. ಅದಕ್ಕೆ ಗಿಡದ ನೆಪ ಹೇಳ್ದೆ. ಕೀಳ್ಬೇಡಿ, ಸಾಯ್ತವೆ ಅಂದೆ. ಕೇಳ್ಲಿಲ್ಲ."

ನನ್ನ ಚೀಲದಲ್ಲಿ ಮಸೆಯಲು ತಂದ ಚಾಕು ಇತ್ತು. ತೆಗೆದೆ. ಅವನು ನೋಡಿದ. ನಗು ಹೋಯಿತು. ಅವರ ಮದುವೆಯಾದ ಹದಿಮೂರು ವರ್ಷದಲ್ಲಿ ಮೊದಲ ಸಲ ಅವನ ನಿಜವಾದ ಮುಖ ಕಂಡೆ. ಗುದ್ದಲಿ ಬೀಸಿದ. ನನ್ನ ಬಲಗೈ ಮುರಿದ ಸದ್ದು, ದಿನಾ ಕೇಳುವ ಸದ್ದೇ. ನೋವು ಆಮೇಲೆ ಬಂತು. ಬಿದ್ದ ಚಾಕುವನ್ನು ಎಡಗೈಯಲ್ಲಿ ಎತ್ತಿಕೊಂಡು ಮೈಮೇಲೆ ಬಿದ್ದೆ. ಇಬ್ಬರೂ ಪಾತಿಯಲ್ಲಿ ಉರುಳಿದೆವು. ಅವನ ಎದೆಯ ಮೇಲೆ ಮಂಡಿ ಊರಿದೆ. ಅವನು ಕಣ್ಣಿಗೆ ಬೆರಳು ಹಾಕಿದ. ಕೈ ಕಚ್ಚಿದೆ, ಚರ್ಮ ಬಿಡುವ ತನಕ. ಕಿವಿಯ ಕೆಳಗೆ ಚಾಕುವಿನ ತುದಿಗೆ ಕೀಲು ಸಿಕ್ಕಿತು. ಅದೇ ಜಾಗ. ಒತ್ತಿದೆ. ರಕ್ತ ನನ್ನ ಮಣಿಕಟ್ಟಿಗೆ ಬಿಸಿಯಾಗಿ ಬಂತು. "ಅತ್ತಿಗೆ, ಅತ್ತಿಗೆ" ಎನ್ನುತ್ತಿದ್ದ. ಎಷ್ಟು ಸುಖವಾಗಿತ್ತೆಂದರೆ... ಬರೆಯುತ್ತೇನೆ, ಸುಖವಾಗಿತ್ತು.

ಆಗ ಗುದ್ದಲಿ ಬಿತ್ತು. ಮೊದಲ ಏಟು ಒದೆಯುತ್ತಿದ್ದ ಅವನ ಮಂಡಿಗೆ. ಚಿಪ್ಪು ಒಡೆದದ್ದು ನನಗೆ ಕೇಳಿಸಿತು. ಭಲೇ ಎಂದುಕೊಂಡೆ. ಎರಡನೇ ಏಟು ನನ್ನ ಬೆನ್ನಿಗೆ.

ಉಸಿರು ನಿಂತೇಹೋಯಿತು. ಮಗುಚಿ ಬಿದ್ದು ಮೇಲೆ ನೋಡಿದೆ. ತಂಗಿ. ಗುದ್ದಲಿ ಮತ್ತೆ ಎತ್ತಿ ಹಿಡಿದಿದ್ದಾಳೆ, ನನ್ನ ತಲೆಗೆ ನೇರ.

"ಚಾಕು ಕೆಳಗೆ ಹಾಕು."

"ನಾನು ಕಣೇ, ಅಕ್ಕ."

"ಗೊತ್ತು. ಹಾಕು."

ಹಾಕಿದೆ.

"ಏಳಿ. ಇಬ್ರೂ. ಆಚೆ ನಡೀರಿ."

ಅವನಿಗೆ ನಿಲ್ಲಲು ಆಗಲಿಲ್ಲ. ನನ್ನ ಭುಜ ಹಿಡಿದ. ಬೇರೆ ದಾರಿ ಇರಲಿಲ್ಲ, ಎಡಗೈಯಿಂದ ಅವನ ಸೊಂಟ ಹಿಡಿದೆ. ಹಾಗೇ ಕುಂಟುತ್ತಾ ಇಬ್ಬರೂ ಗೇಟು ದಾಟಿದೆವು. ಹಿಂದೆ ಅವಳು ಗುದ್ದಲಿ ಹಿಡಿದು. ಗೇಟಿಗೆ ಬೀಗ ಬಿತ್ತು. ಒಳಗೆ ಬಾಗಿಲಿಗೆ ಚಿಲಕವೂ ಬಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೂ ಅವಳೇ, ಕಿಟಕಿಯಿಂದ ಕೇಳಿಸುತ್ತಿತ್ತು. ವಿಳಾಸ ಸ್ಪಷ್ಟವಾಗಿ ಹೇಳಿದಳು, ಎರಡು ಸಲ.

ಫುಟ್‌ಪಾತಿನಲ್ಲಿ ಪಕ್ಕಪಕ್ಕದಲ್ಲೇ ಕುಳಿತಿದ್ದೆವು. ಅವನ ಕುತ್ತಿಗೆಯಿಂದ ರಕ್ತ, ನನ್ನ ಕೈ ಜೋತು. ಎದುರುಮನೆಯವರು ಪರದೆ ಸರಿಸಿ ನೋಡುತ್ತಿದ್ದರು. ಅವನು ಕರವಸ್ತ್ರ ಒತ್ತಿಕೊಂಡು ಹೇಳಿದ, "ಅವಳು ಹಂಗಲ್ಲ ಅತ್ತಿಗೆ. ಸ್ವಲ್ಪ ಸಮಾಧಾನ ಆಗ್ಲಿ, ಬಾಗಿಲು ತೆಗೀತಾಳೆ."

ನಾನೂ ಅಕ್ಷರಶಃ ಅದನ್ನೇ ಅಂದುಕೊಳ್ಳುತ್ತಿದ್ದೆ.

ಜೂನ್ 25

ಅಜ್ಜನ ಮನೆಯ ಮುಂದಿನ ಕೋಣೆಯಲ್ಲಿದ್ದೇನೆ. ಮಾತು ಕಡಿಮೆ, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಹಾಕುತ್ತಾನೆ. ನಿನ್ನೆ ಅವಳ ಹತ್ತಿರ ಹೋಗಿ ಬಂದ. ಅವನಿಗೆ ಬಾಗಿಲು ತೆಗೆದಳಂತೆ.

"ಕಿತ್ತ ಹನ್ನೊಂದೂ ಹೋದ್ವು. ಮಣ್ಣಲ್ಲಿ ಇಟ್ಟಿದ್ಲು, ಎರಡೇ ದಿನಕ್ಕೆ ಬಾಡಿದ್ವು. ಉಳಿದ ಆರು ಚೆನ್ನಾಗಿವೆ. ಎರಡು ಹೂ ಬಿಟ್ಟಿವೆ."

"ಬಾಗಿಲ ಬೀಗ?"

"ಹೊಸದು."

"ನನ್ನ ಬಗ್ಗೆ ಕೇಳಿದ್ಲಾ?"

"ಇಲ್ಲ."

ತಟ್ಟೆ ಎಸೆಯಲು ಕೈ ಎತ್ತಹೋದೆ. ಪ್ಲಾಸ್ಟರಿನ ಕೈ. ಮೇಲೇಳಲಿಲ್ಲ.

ಜೂನ್ 27, ಬೆಳಿಗ್ಗೆ 10.40

ಪೊಲೀಸ್ ಮೇಡಂ ಬಂದಿದ್ದರು. ತಂಗಿ ದೂರು ಕೊಟ್ಟಿದ್ದಾಳೆ. ಸಂತೋಷದಿಂದ ಎದ್ದು ನಿಂತೆ. ಅಂತೂ ಅವನ ಮೇಲೆ ಬರೆದಳಲ್ಲ! ಸಾಕ್ಷಿಗೆ ನಾನಿದ್ದೇನೆ, ಏನು ಬೇಕಾದರೂ ಹೇಳುತ್ತೇನೆ ಎಂದೆ. ಮೇಡಂ ಕೂತ್ಕೊಳಮ್ಮ ಎಂದರು. ಕನ್ನಡಕ ಹಾಕಿಕೊಂಡು ಓದಿದರು. ಫೆಬ್ರವರಿಯದ್ದು ಅವನ ಹೆಸರಿನಲ್ಲಿ. ಮೇ ಇಪ್ಪತ್ತಾರು ನನ್ನ ಹೆಸರಿನಲ್ಲಿ. ಜೂನ್ ಹದಿನೆಂಟು ಇಬ್ಬರ ಹೆಸರಿನಲ್ಲೂ. ಫೋನು, ಚಿಲಕ, ಬಟ್ಟಲು — ಎಲ್ಲ ತಾರೀಖು ಸಮೇತ. ಇಬ್ಬರೂ ಮನೆಯ ಹತ್ತಿರ ಸುಳಿಯಬಾರದು ಎಂದು ಕೇಳಿಕೊಂಡಿದ್ದಾಳೆ. ಒಂದೇ ಕಾಗದ, ಇಬ್ಬರು ಆರೋಪಿಗಳು.

"ಸುಳ್ಳೇನಾದ್ರೂ ಇದೆಯಾ ಇದ್ರಲ್ಲಿ?" ಎಂದರು.

ಹೌದು ಎನ್ನಲು ಬಾಯಿ ತೆರೆದೆ. ಅವನೂ ನಾನೂ ಒಂದೇನಾ ಎಂದು ಕೂಗಬೇಕು ಅನಿಸಿತು. ಸೂಪು ಸೋಸಿದ್ದು ಯಾರು, ರಾತ್ರಿ ಉಸಿರು ಎಣಿಸುತ್ತಾ ಕುಳಿತದ್ದು ಯಾರು, ಕೇಳಬೇಕು ಅನಿಸಿತು. ಅವಳು ಸೂಪಿನ ಬಗ್ಗೆಯೂ ಬರೆದಿದ್ದಾಳೆ ಎಂದರು ಮೇಡಂ, ಪುಟ ತಿರುಗಿಸಿ. ಅಕ್ಕ ನನ್ನನ್ನು ಸಾಯದಂತೆ ನೋಡಿಕೊಂಡಳು, ಆದರೆ ಅವಳ ಕೈ ಮೇಲೆ ಹೋದಾಗೆಲ್ಲ ನನಗೆ ಗಂಡನ ಕೈಯೇ ಕಾಣುತ್ತದೆ — ಹಾಗೆಂದು.

ಸುಳ್ಳಿಲ್ಲ ಮೇಡಂ ಎಂದೆ.

ನಾಳೆಯೊಳಗೆ ನನ್ನ ಹೇಳಿಕೆ ಬರೆದುಕೊಡಬೇಕು. ಅವರು ಕೊಟ್ಟ ಕಾಗದ ಕೆಡಿಸಬಾರದು ಎಂದು ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ.

ತಂಗಿಯ ಒಳ್ಳೆಯದಕ್ಕೋಸ್ಕರ ನಾನು — ಇದು ಬೇಡ.

ಅವಳ ಗಂಡ ಅವಳಿಗೆ ಮಾಡಿದ್ದನ್ನು ನೋಡಿ ನೋಡಿ — ಇದೂ ಬೇಡ.

ಮೇ ಇಪ್ಪತ್ತಾರರಂದು ನನ್ನ ತಂಗಿಗೆ ಹೊಡೆದೆ. ಯಾಕೆಂದರೆ